ಅಂಗಾಲಿಗೆ ಪುದೀನದ ತಂಪು

ಮೆಂಥಾಲ್ ಎಂದರೆ ಪುದೀನ ಜಾತಿಯ ಗಿಡದ ಎಣ್ಣೆಯಿಂದ ಬೇರ್ಪಡಿಸಿದ ಬಿಳಿ ಹರಳು. ಆಯುರ್ವೇದದ ಹೆಸರಿನಲ್ಲಿ ಬರುವ ಕೆಲವು ಮುಲಾಮುಗಳ ಮೇಲೆ ‘ಪುದೀನಾ ಕೆ ಫೂಲ್’ ಎಂದು ಅಚ್ಚಾಗಿರುವುದೂ ಇದೇ. ಈ ಗಿಡ ಬೆಳೆಯುವ ದೊಡ್ಡ ಸೀಮೆ ಉತ್ತರಪ್ರದೇಶದ ಬಾರಾಬಂಕಿ, ಸಂಭಲ್ ಕಡೆಯದು. ಜೆಲ್ಲಾಗಿ ಟ್ಯೂಬು ಸೇರಿದ ಮೇಲೆ ಮೆಂಥಾಲ್ ಬಸವಕಲ್ಯಾಣ, ಹುಮನಾಬಾದಿನ ಔಷಧ ಅಂಗಡಿಗಳಿಗೂ ಬರುತ್ತದೆ, ಡಾಕ್ಟರ ಚೀಟಿಯಿಲ್ಲದೆ ಸಿಗುತ್ತದೆ. ಅಲ್ಲಿನ ಮೋರಖಂಡಿಯಂಥ ಊರಿನಲ್ಲಿ ದಿನವಿಡೀ ತೊಗರಿ, ಸೋಯಾ ಹೊಲದಲ್ಲಿ ನಿಂತವರಿಗೂ ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೂ ಕಾಲುನೋವು ಹೊಸತಲ್ಲ.

ಈ ಜೆಲ್ ಹಚ್ಚಿದ ಕೂಡಲೇ ಕಾಲು ತಣ್ಣಗಾಯಿತು ಅನ್ನಿಸುತ್ತದೆ. ನಿಜವಾಗಿ ಕಾಲು ಅಷ್ಟೇನೂ ತಣ್ಣಗಾಗಿರುವುದಿಲ್ಲ. ಚಳಿಯನ್ನು ಗುರುತಿಸಲು ನರದ ತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನಿದೆ. ಮೆಂಥಾಲ್ ತಗುಲಿದರೆ ಬೆಚ್ಚಗಿರುವಾಗಲೇ ಅದು ಚಳಿಯ ಸುದ್ದಿ ಕಳಿಸುತ್ತದೆ. ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2002ರಲ್ಲಿ ಇದನ್ನು ಬೇರೆಬೇರೆಯಾಗಿ ಕಂಡುಕೊಂಡರು. ತಾಪಮಾನ, ಸ್ಪರ್ಶಗಳ ಅರಿವಿನ ಬಗೆಗಿನ ಶೋಧಗಳಿಗಾಗಿ 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು. ಸುಳ್ಳು ಚಳಿಯ ಗದ್ದಲದಲ್ಲಿ ನೋವಿನ ಸುದ್ದಿ ಸ್ವಲ್ಪ ಹೊತ್ತು ಅಡಗುತ್ತದೆ, ಅಷ್ಟೇ.

ನಡೆದು ದಣಿದ ಮೀನಖಂಡಕ್ಕೆ, ಸಣ್ಣ ಉಳುಕಿಗೆ ಅಷ್ಟು ಸಾಕು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಚುಚ್ಚುವ ಹಿಮ್ಮಡಿ ನೋವಿಗೆ ಮಾತ್ರ ಸಾಲದು. ಅಲ್ಲಿ ಕೆರಳಿರುವುದು ಅಂಗಾಲಿನುದ್ದಕ್ಕೂ ಹಾಯುವ ದಪ್ಪ ಪಟ್ಟಿ. ಅದಕ್ಕೆ ಮೆತ್ತನೆಯ ಚಪ್ಪಲಿ, ಮೀನಖಂಡ ಎಳೆಯುವ ವ್ಯಾಯಾಮ, ತಿಂಗಳುಗಟ್ಟಲೆ ತಾಳ್ಮೆ ಬೇಕು. ಅಂಗಾಲಿನ ಚರ್ಮವೂ ದಪ್ಪ: 1967ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಔಷಧ ಮುಂಗೈಗೆ ಹೋಲಿಸಿದರೆ ಅಂಗಾಲಿನಲ್ಲಿ ಸುಮಾರು ಏಳನೇ ಒಂದು ಪಾಲು ಮಾತ್ರ ಇಳಿದಿತ್ತು.

ಹಾಗೆಂದು ಇದು ನಿರುಪದ್ರವಿಯಲ್ಲ. ಇಂಥ ಮುಲಾಮುಗಳಿಂದ ಚರ್ಮ ಸುಟ್ಟ 43 ಪ್ರಕರಣಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಮುಂದಿಟ್ಟಿತು. ತೀವ್ರವಾದ ಸುಟ್ಟಗಾಯಗಳಲ್ಲಿ ಹೆಚ್ಚಿನವು ಮೆಂಥಾಲ್ ಶೇ 3ಕ್ಕಿಂತ, ಇಂಥ ಮುಲಾಮುಗಳಲ್ಲಿ ಬೆರೆಸುವ ಮೀಥೈಲ್ ಸ್ಯಾಲಿಸಿಲೇಟ್ ಶೇ 10ಕ್ಕಿಂತ ಹೆಚ್ಚಿದ್ದ ಸರಕುಗಳಿಂದ ಆದವು. ಟ್ಯೂಬಿನ ಮೇಲೆ ‘ಗಂಧಪುರ ತೈಲ’ ಎಂದಿದ್ದರೆ ಅದೂ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮು ಹಚ್ಚಬಾರದು. ಹಚ್ಚಿದ ಜಾಗಕ್ಕೆ ಬಿಸಿನೀರಿನ ಶಾಖ, ಬಿಗಿ ಪಟ್ಟಿ ಬೇಡ. ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುವುದೂ ಬೇಡ. ಬಿರುಕಿನೊಳಗೆ ಇಳಿದರೆ ಉರಿ ತಡೆಯಲಾಗದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆಯವರಿಗೆ. ಅವರ ಅಂಗಾಲು ಜೋಮು ಹಿಡಿದು ಸ್ಪರ್ಶ ಕಳೆದುಕೊಂಡಿದ್ದರೆ ಚರ್ಮ ಸುಡುತ್ತಿದ್ದರೂ ತಿಳಿಯುವುದಿಲ್ಲ. ಅಂಥವರು ಟ್ಯೂಬು ಕೊಳ್ಳುವ ಮೊದಲು ಡಾಕ್ಟರಿಗೆ ಕಾಲು ತೋರಿಸಬೇಕು.