ಸೊಂಟದಲ್ಲೊಂದು ಯಂತ್ರ

ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಯಾವ ರೂಮಿನ ಬಾಗಿಲು ತಟ್ಟಿದ್ರೂ ಒಂದು ಕೌಂಟರ್ ಸ್ಟ್ರೈಕ್ ಮ್ಯಾಚ್ ನಡೀತಾ ಇರುತ್ತೆ. ಹಾಗಾಗಿ ಗ್ಲಾಕ್, ಬೆರೆಟ್ಟಾ, ಡೆಸರ್ಟ್ ಈಗಲ್ ಅನ್ನೋ ಹೆಸರುಗಳು ನಮಗೆಲ್ಲ ಸೆಮಿಸ್ಟರ್ ಸಿಲಬಸ್‌ಗಿಂತ ಚೆನ್ನಾಗಿ ಬಾಯಿಪಾಠ. ಆದರೆ ಆಟದ ಪಿಸ್ತೂಲಿಗೆ ತುಕ್ಕು ಹಿಡಿಯಲ್ಲ. ಕೆಳಗೆ ಬಿದ್ರೆ ಸಿಡಿಯಲ್ಲ. ಅದರ ಭಾರಕ್ಕೆ ಪ್ಯಾಂಟು ಜಾರಲ್ಲ. ನಿಜವಾಗಿ ದಿನಾ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡೋ ಜನ ಯಾವುದನ್ನ ಆರಿಸ್ತಾರೆ, ಯಾಕೆ ಆರಿಸ್ತಾರೆ, ಅದನ್ನ ಹೇಗೆ ನೋಡ್ಕೊಳ್ತಾರೆ ಅಂತ ಕೇಳಿದ್ರೆ ಬರೋ ಉತ್ತರಗಳು ಬಹುತೇಕ ಈ ಮೂರು ವಿಷಯದ ಸುತ್ತಾನೇ ಸುತ್ತುತ್ತವೆ.

ಅಂಥ ಜನ ಜಾಸ್ತಿ ಇರೋದು ಅಮೆರಿಕದಲ್ಲಿ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಪರ್ಮಿಟ್ ಇಲ್ಲದೆಯೇ ವಯಸ್ಕರು ಪಿಸ್ತೂಲು ಇಟ್ಕೊಂಡು ಹೊರಗೆ ಓಡಾಡಬಹುದು. ಟೆಕ್ಸಾಸ್ 2021ರ ಸೆಪ್ಟೆಂಬರಿನಲ್ಲಿ ಆ ಸಾಲಿಗೆ ಸೇರಿತು. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಬಿಗಿ ಕಾನೂನನ್ನೂ ತಳ್ಳಿಹಾಕಿತು. ನಮ್ಮಲ್ಲಿ ಕಥೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅದು ಸುಲಭಕ್ಕೆ ಸಿಗಲ್ಲ, 9 ಎಂಎಂ ಅಂತೂ ಸಾಮಾನ್ಯರಿಗೆ ನಿಷಿದ್ಧ. ಕೊಡಗಿನವರು ಈಗ ಕೈ ಎತ್ತುತ್ತಾರೆ, ಗೊತ್ತು! ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್‌ಪೊದ್‌ಗೆ ಕೋವಿ ತೊಳೆದು ಒರೆಸಿ ಪೂಜೆ ಮಾಡೋ ಪದ್ಧತಿಯೂ ಇದೆ. ಆದರೆ ಕೋವಿ ಮನೆಯ ಗೋಡೆಯ ವಸ್ತು. ನಾನಿಲ್ಲಿ ಬರೀತಿರೋದು ಬೆಳಗ್ಗೆ ಬೆಲ್ಟಿನ ಒಳಗೆ ಸೇರಿ ರಾತ್ರಿ ಮಲಗೋವಾಗ ಹೊರಗೆ ಬರೋ ಯಂತ್ರದ ಬಗ್ಗೆ.

ನಮ್ಮ ಚಿಕ್ಕಪ್ಪ ಟೆಕ್ಸಾಸ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ, ಇಂಥದ್ದೊಂದನ್ನ ಇಟ್ಕೊಂಡಿದ್ದಾರೆ. ಅದು ಸರಿಯೋ ತಪ್ಪೋ ಅಂತ ನಮ್ಮ ಮನೇಲಿ ಪ್ರತಿ ಯುಗಾದಿಯ ವಿಡಿಯೊ ಕಾಲ್‌ನಲ್ಲಿ ಜಗಳ ಆಗುತ್ತೆ. ಆ ಜಗಳ ಇಲ್ಲಿ ಬೇಡ. ಮೆಷಿನ್ ಡಿಸೈನ್ ಓದೋರಿಗೆ ಇದೊಂದು ವಿಚಿತ್ರವಾದ ಸಮಸ್ಯೆ ಅನ್ನೋದಷ್ಟೇ ನನ್ನ ವಾದ. ಯಾಕಂದ್ರೆ ಈ ಯಂತ್ರ ಎರಡು ರೀತಿ ಫೇಲ್ ಆಗಬಹುದು. ಬೇಕಾದಾಗ ಸಿಡಿಯದೆ ಇರೋದು ಒಂದು, ಬೇಡದಾಗ ಸಿಡಿಯೋದು ಇನ್ನೊಂದು. ಒಂದನ್ನ ತಡೆಯೋಕೆ ಹೋದ್ರೆ ಇನ್ನೊಂದರ ಸಾಧ್ಯತೆ ಹೆಚ್ಚಾಗುತ್ತೆ. ಎರಡರಲ್ಲೂ ಪ್ರಾಣ ಹೋಗಬಹುದು.

ಮೊದಲು ಭಾರ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ, ಅಮೆರಿಕ ಸೇನೆ 1911ರಲ್ಲಿ ಒಪ್ಪಿಕೊಂಡ, ಅದೇ ಇಸವಿಯ ಹೆಸರಿನಲ್ಲೇ ಇವತ್ತಿಗೂ ಕರೆಸಿಕೊಳ್ಳೋ ಪಿಸ್ತೂಲು ಪೂರಾ ಉಕ್ಕು, ಸುಮಾರು 1.1 ಕೆಜಿ. ಗ್ಲಾಕ್ 19 ಪಾಲಿಮರ್ ಚೌಕಟ್ಟಿನದು, ಖಾಲಿ ಇದ್ದಾಗ ಸುಮಾರು 600 ಗ್ರಾಂ. 2018ರಲ್ಲಿ ಬಂದ ಸಿಗ್ ಪಿ-365 ಸುಮಾರು 500 ಗ್ರಾಂ. ಅದರ ಹೆಸರಿನ ಅರ್ಥವೇ ವರ್ಷದ 365 ದಿನವೂ ಜೊತೆಗಿಟ್ಟುಕೊಳ್ಳಬಹುದು ಅಂತ. ಹಗುರ ಇದ್ದಷ್ಟೂ ಒಳ್ಳೇದಲ್ವಾ ಅಂದ್ರೆ, ಫಸ್ಟ್ ಇಯರ್ ಫಿಸಿಕ್ಸ್ ಅಡ್ಡ ಬರುತ್ತೆ. 9 ಎಂಎಂನ ಗುಂಡು ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಸಂವೇಗ 2.6ರ ಆಸುಪಾಸು. ಮದ್ದಿನ ಅನಿಲದ ಲೆಕ್ಕ ಬಿಟ್ಟರೂ, ಅಷ್ಟೇ ಸಂವೇಗ ಪಿಸ್ತೂಲಿಗೂ ಹಿಂದಕ್ಕೆ ಬರಬೇಕು. 1.1 ಕೆಜಿ ಪಿಸ್ತೂಲಿನಲ್ಲಿ ಅದು ಸುಮಾರು 3 ಜೂಲ್ ಶಕ್ತಿಯಾಗಿ ಕೈಗೆ ಒದ್ದರೆ, 500 ಗ್ರಾಂನದರಲ್ಲಿ ಸುಮಾರು 7 ಜೂಲ್. ಅಂದ್ರೆ ಎರಡು ಪಟ್ಟಿಗೂ ಜಾಸ್ತಿ. ಇಡೀ ದಿನ ಆರಾಮಾಗಿ ಇರೋ ಪಿಸ್ತೂಲು ಹಾರಿಸೋವಾಗ ಕೈ ನೋಯಿಸುತ್ತೆ, ಕೈ ನೋಯಿಸೋದನ್ನ ಜನ ಅಭ್ಯಾಸ ಮಾಡೋದೇ ಇಲ್ಲ. ಅಭ್ಯಾಸ ಇಲ್ಲದವನ ಗುಂಡು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಆದ್ದರಿಂದಲೇ ಬಹಳ ಜನ ಗ್ಲಾಕ್ 19ರಂಥ ನಡುವಿನ ಅಳತೆಯಲ್ಲಿ ನಿಲ್ತಾರೆ. ಚಿಕ್ಕಪ್ಪನದೂ ಅದೇ.

ಎರಡನೇದು ಟ್ರಿಗರ್. ಅಭಿರುಚಿಯ ಜಗಳ ನಿಜವಾಗಿ ಶುರುವಾಗೋದು ಇಲ್ಲಿ. ಚಿಕ್ಕಪ್ಪನ ಪಕ್ಕದ ಮನೆಯ ತಾತ ಐದು ತೋಟಾದ ಸಣ್ಣ ರಿವಾಲ್ವರ್ ಬಿಟ್ಟು ಬೇರೇನೂ ಮುಟ್ಟಲ್ಲವಂತೆ. ಅದರ ಟ್ರಿಗರ್ ಉದ್ದ, ಗಟ್ಟಿ, ಸುಮಾರು 5 ಕೆಜಿ ಎಳೆತ. ಆ ಗಟ್ಟಿತನವೇ ಅದರ ಸೇಫ್ಟಿ, ಬೇರೆ ಬಟನ್ ಇಲ್ಲ. ಒಂದು ತೋಟಾ ಠುಸ್ ಆದ್ರೆ ಮತ್ತೆ ಟ್ರಿಗರ್ ಎಳೆದರಾಯ್ತು, ಮುಂದಿನ ತೋಟಾ ತಾನೇ ಎದುರಿಗೆ ಬರುತ್ತೆ. 1911 ಪಂಥದವರು ಇದಕ್ಕೆ ಪೂರ್ತಿ ವಿರುದ್ಧ. ಅವರ ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ, ಚಿಕ್ಕದು, ಹಗುರ. ಅದಕ್ಕೆ ಬದಲಾಗಿ ಹ್ಯಾಮರ್ ಹಿಂದಕ್ಕೆ ಎಳೆದಿಟ್ಟು, ಹೆಬ್ಬೆರಳಿನ ಸೇಫ್ಟಿ ಹಾಕಿ ಓಡಾಡಬೇಕು, ಆ ಸೇಫ್ಟಿ ತೆಗೆಯೋದು ನಿದ್ದೆಗಣ್ಣಲ್ಲೂ ಮರೀದ ಹಾಗೆ ರೂಢಿಯಾಗಿರಬೇಕು.

ಗಾಸ್ಟನ್ ಗ್ಲಾಕ್ ಇವೆರಡರ ಮಧ್ಯೆ ದಾರಿ ಮಾಡಿದ. ಈ ಆಸ್ಟ್ರಿಯನ್ ಎಂಜಿನಿಯರ್ ಅದಕ್ಕೂ ಮೊದಲು ಪಿಸ್ತೂಲು ಮಾಡಿದವನೇ ಅಲ್ಲ. ಪರದೆ ಕಟ್ಟೋ ರಾಡು, ಚಾಕು ಅಂಥದ್ದು ಮಾಡ್ತಿದ್ದ. 1982ರಲ್ಲಿ ಅವನ ಗ್ಲಾಕ್ 17ನ್ನ ಆಸ್ಟ್ರಿಯಾದ ಸೇನೆ ಒಪ್ಪಿತು. ಹೊರಗಡೆ ಒತ್ತೋ ಸೇಫ್ಟಿ ಇಲ್ಲ. ಟ್ರಿಗರ್‌ನ ನಡುವೆಯೇ ಒಂದು ಸಣ್ಣ ಅಲಗು, ಬೆರಳು ಅದನ್ನ ಒತ್ತದೆ ಟ್ರಿಗರ್ ಚಲಿಸಲ್ಲ. ಒಳಗೆ ಸ್ಟ್ರೈಕರ್‌ಗೆ ಅಡ್ಡ ನಿಲ್ಲೋ ಒಂದು ತುಂಡು, ಮತ್ತೊಂದು ಬೀಳುವಿಕೆಯ ಸೇಫ್ಟಿ. ಮೂರೂ ಟ್ರಿಗರ್ ಎಳೆದಾಗ ಒಂದರ ಹಿಂದೊಂದು ಸರಿಯುತ್ತವೆ, ಬಿಟ್ಟಾಗ ವಾಪಸ್ ಬರುತ್ತವೆ. ಕೆಲಸ ಚೊಕ್ಕ. ಆದರೆ ಈ ವಿನ್ಯಾಸಕ್ಕೆ ಬೆರಳು ಯಾವುದು, ಟೀಶರ್ಟಿನ ಮಡಿಕೆ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿಯಾದ ಹೋಲ್‌ಸ್ಟರ್ ಇಲ್ಲದೆ ಗ್ಲಾಕ್ ಸೊಂಟಕ್ಕೆ ಸಿಕ್ಕಿಸೋದು ಹುಚ್ಚುತನ. ಹೋಲ್‌ಸ್ಟರ್ ಕೂಡ ಆ ಯಂತ್ರದ್ದೇ ಒಂದು ಪಾರ್ಟು ಅಂದ್ಕೊಳ್ಳಿ.

ಬೀಳುವಿಕೆ ಅಂದೆನಲ್ಲ, ಅದರಲ್ಲಿ ಒಂದು ಒಳ್ಳೆ ಕೇಸ್ ಸ್ಟಡಿ ಇದೆ. 1911ರ ಹಳೇ ವಿನ್ಯಾಸದಲ್ಲಿ ಫೈರಿಂಗ್ ಪಿನ್ನನ್ನ ತಡೆಯೋದು ಬರೀ ಒಂದು ಸ್ಪ್ರಿಂಗ್. ನಳಿಗೆ ಕೆಳಗಾಗಿ ಜೋರಾಗಿ ಬಿದ್ರೆ ಪಿಸ್ತೂಲು ನಿಂತರೂ ಪಿನ್ನು ಜಡತ್ವದಿಂದ ಮುಂದಕ್ಕೆ ಹೋಗಬಹುದು. ಕೋಲ್ಟ್ ಕಂಪನಿ 1983ರಲ್ಲಿ ಪಿನ್ನಿಗೆ ಅಡ್ಡ ಒಂದು ತಡೆ ಹಾಕಿದ ಮಾದರಿ ತಂತು. ಟ್ರಿಗರ್ ನಯ ಕೆಟ್ಟುಹೋಯ್ತು ಅಂತ ಅದರ ಅಭಿಮಾನಿಗಳು ಇವತ್ತಿಗೂ ಗೊಣಗ್ತಾರೆ. ಇದರ ಕನ್ನಡಿ ಬಿಂಬದ ಹಾಗಿದ್ದದ್ದು ಸಿಗ್ ಪಿ-320ರ ಸಮಸ್ಯೆ. ಸ್ಲೈಡಿನ ಹಿಂಭಾಗ ಒಂದು ಕೋನದಲ್ಲಿ ನೆಲಕ್ಕೆ ಬಡಿದರೆ, ಟ್ರಿಗರ್‌ಗೇ ಇರೋ ತೂಕ ಅದನ್ನ ಹಿಂದಕ್ಕೆ ಎಳೆದುಬಿಡ್ತಿತ್ತು, ಯಾರೋ ಬೆರಳಿಟ್ಟು ಎಳೆದ ಹಾಗೆ. 2017ರ ಆಗಸ್ಟಿನಲ್ಲಿ ಕಂಪನಿ ಉಚಿತವಾಗಿ ಪಾರ್ಟ್ ಬದಲಾಯಿಸಿಕೊಡ್ತೀವಿ ಅಂತ ಪ್ರಕಟಿಸಿತು. ಬದಲಾದ ಭಾಗಗಳಲ್ಲಿ ಮುಖ್ಯವಾದದ್ದು ಹಗುರವಾದ ಟ್ರಿಗರ್. ಅಮೆರಿಕದ ಸ್ಟ್ಯಾಂಡರ್ಡ್ ಡ್ರಾಪ್ ಟೆಸ್ಟುಗಳಿಗೆ ಪಿಸ್ತೂಲು ತಕ್ಕದ್ದಾಗೇ ಇತ್ತು ಅನ್ನೋದು ಕಂಪನಿಯ ಮಾತು. ಪೀಡೆ ಇದ್ದದ್ದು ಟೆಸ್ಟಿನಲ್ಲಿ ಇಲ್ಲದ ಕೋನದಲ್ಲಿ. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ತುಂಬಿಸೋವಾಗ ಇದು ನೆನಪಿಗೆ ಬಂದ್ರೆ ಒಳ್ಳೇದು.

ನನ್ನನ್ನ ಕೇಳಿದ್ರೆ? ಪಿಸ್ತೂಲು ಇಟ್ಕೊಳ್ಳೋ ಯೋಚನೆ ನನಗಿಲ್ಲ. ಆದ್ರೆ ವಿನ್ಯಾಸ ಅಂತ ನೋಡಿದ್ರೆ ನನ್ನ ವೋಟು ಆ ತಾತನ ರಿವಾಲ್ವರಿಗೆ. ಐದೇ ತೋಟಾ, ಗುರಿ ಕಷ್ಟ, ಎಲ್ಲ ಒಪ್ತೀನಿ. ಆದರೆ ಸಿಲಿಂಡರ್ ಪಕ್ಕಕ್ಕೆ ತೆರೆದ್ರೆ ಎಲ್ಲ ಐದು ಗೂಡೂ ಕಣ್ಣಿಗೆ ಕಾಣುತ್ತೆ. ತುಂಬಿದೆಯಾ ಖಾಲಿಯಾ ಅನ್ನೋ ಪ್ರಶ್ನೆಗೆ ಊಹೆ ಬೇಕಿಲ್ಲ.

ಯಾಕೆ ಈ ಮಾತಿಗೆ ಇಷ್ಟು ಒತ್ತು ಕೊಡ್ತಿದ್ದೀನಿ ಅಂದ್ರೆ, ಪಿಸ್ತೂಲನ್ನ ನೋಡಿಕೊಳ್ಳೋದರಲ್ಲಿ ಅತಿ ಅಪಾಯದ ಗಳಿಗೆ ಎಣ್ಣೆ ಬಟ್ಟೆ ತಗೊಂಡು ಕೂರೋ ಮೊದಲಿನ ಅರ್ಧ ನಿಮಿಷ. "ಕ್ಲೀನ್ ಮಾಡ್ತಿದ್ದಾಗ ಗುಂಡು ಹಾರಿತು" ಅನ್ನೋ ಸುದ್ದಿ ನಾವೆಲ್ಲ ಓದಿದ್ದೀವಿ. ಅದರ ಒಳಗಿನ ಗುಟ್ಟು ಇಷ್ಟೇ: ಪಿಸ್ತೂಲಿನಲ್ಲಿ ತೋಟಾ ಎರಡು ಜಾಗದಲ್ಲಿ ಇರುತ್ತೆ. ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ, ಮತ್ತೆ ನಳಿಗೆಯ ಬುಡದ ಚೇಂಬರಿನಲ್ಲಿ. ಮ್ಯಾಗಜಿನ್ ತೆಗೆದವನು ಖಾಲಿ ಆಯ್ತು ಅಂದ್ಕೋತಾನೆ, ಚೇಂಬರಿನಲ್ಲಿ ಒಂದು ಉಳಿದಿರುತ್ತೆ. ಇನ್ನೊಬ್ಬ ಕ್ರಮ ತಿರುಗಾಮುರುಗಾ ಮಾಡ್ತಾನೆ. ಮೊದಲು ಸ್ಲೈಡ್ ಎಳೆದು ಚೇಂಬರಿನ ತೋಟಾ ಹೊರಗೆ ಹಾಕ್ತಾನೆ, ಆಮೇಲೆ ಮ್ಯಾಗಜಿನ್ ತೆಗೀತಾನೆ. ಸ್ಲೈಡ್ ವಾಪಸ್ ಹೋಗೋವಾಗ ಮ್ಯಾಗಜಿನ್‌ನಿಂದ ಹೊಸ ತೋಟಾ ಚೇಂಬರಿಗೆ ತಳ್ಳಿರುತ್ತೆ. ಕೈಯಲ್ಲಿ ಹೊರಬಿದ್ದ ತೋಟಾ ಇದೆ, ಮೇಜಿನ ಮೇಲೆ ಮ್ಯಾಗಜಿನ್ ಇದೆ, ಕಣ್ಣಿಗೆ ಎಲ್ಲ ಖಾಲಿ. ಗ್ಲಾಕ್‌ನಂಥದ್ದನ್ನ ಬಿಚ್ಚಬೇಕಾದ್ರೆ ಮೊದಲು ಟ್ರಿಗರ್ ಎಳೆಯಲೇಬೇಕು. ಮುಂದಿನದು ಹೇಳಬೇಕಾಗಿಲ್ಲ.

ಹಾಗಾಗಿ ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್, ಆಮೇಲೆ ಚೇಂಬರನ್ನ ಕಣ್ಣಿನಿಂದ ನೋಡೋದು, ಕಿರುಬೆರಳು ತೂರಿಸಿ ಮುಟ್ಟೋದು. ಇಷ್ಟಾದ ಮೇಲೂ ಟ್ರಿಗರ್ ಎಳೆಯೋವಾಗ ನಳಿಗೆ ಗುಂಡು ಹೋದರೂ ಯಾರಿಗೂ ತಾಗದ ದಿಕ್ಕಿಗೇ ಇರಬೇಕು. ತೋಟಾ ಎಲ್ಲ ಬೇರೆ ರೂಮಿನಲ್ಲಿ ಇಟ್ಟು ಬರೋದು ಚಿಕ್ಕಪ್ಪನ ಪದ್ಧತಿ. ಒಮ್ಮೆ ಕೇಳ್ದೆ, ಇಷ್ಟು ವರ್ಷ ಆದ್ಮೇಲೂ ಯಾಕೆ ಚಿಕ್ಕಪ್ಪಾ ಅಂತ. "ಇಷ್ಟು ವರ್ಷ ಆಗಿರೋದಕ್ಕೇ ಕಣೋ. ಹೊಸಬನಿಗೆ ಭಯ ಇರುತ್ತೆ, ನನಗೆ ಅದು ಹೋಗ್ಬಿಟ್ಟಿದೆ" ಅಂದ್ರು.

ಇನ್ನು ಕೊಳೆ ವಿಷಯ. ಸೊಂಟದ ಪಿಸ್ತೂಲಿನಲ್ಲಿ ಗುಂಡು ಹಾರಿಸೋದು ಕಮ್ಮಿ, ಹಾಗಾಗಿ ಮದ್ದಿನ ಮಸಿಗಿಂತ ಬೆವರು, ಬಟ್ಟೆಯ ನೂಲುಪುಡಿ ಇವೇ ಶತ್ರು. ಬೆವರಲ್ಲಿ ಉಪ್ಪಿದೆ, ಉಪ್ಪು ತಾಗಿದ ಉಕ್ಕಿಗೆ ತುಕ್ಕು ಬೇಗ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕೇ ಹಿಡಿಯಲ್ಲ ಅಂತೇನಿಲ್ಲ, ನಿಧಾನ ಅಷ್ಟೇ. ಚರ್ಮದ ಹೋಲ್‌ಸ್ಟರ್ ಮೈಗೆ ಹಿತ, ಆದರೆ ತೇವ ಹೀರಿಕೊಂಡು ಇಟ್ಕೊಳ್ಳುತ್ತೆ. ಕೈಡೆಕ್ಸ್ ಅನ್ನೋ ಪ್ಲಾಸ್ಟಿಕ್ ಹೀರಲ್ಲ, ಆದರೆ ಚುಚ್ಚುತ್ತೆ. ಜನ ತಮಗೆ ಒಗ್ಗಿದ್ದನ್ನ ಆರಿಸ್ತಾರೆ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಸ್ಲೈಡ್ ಜಾರೋ ಹಳಿಗಳಿಗೆ ಒಂದೊಂದು ಹನಿ ಎಣ್ಣೆ ಹಾಕ್ತಾರೆ. ಒಂದೊಂದು ಹನಿ ಅಂದ್ರೆ ಒಂದೊಂದೇ ಹನಿ. ನಮ್ಮವರಿಗೆ ಹೊಲಿಗೆ ಮೆಷಿನ್ನಿಗೆ ಸುರಿದ ಹಾಗೆ ಸುರಿಯೋ ಆಸೆ. ಹೆಚ್ಚಾದ ಎಣ್ಣೆ ನೂಲುಪುಡಿ ಹಿಡಿದು ಅಂಟಾಗುತ್ತೆ, ಸ್ಟ್ರೈಕರ್ ಓಡೋ ಕೊಳವೆಗೆ ಇಳಿದ್ರೆ ಪಿನ್ನಿನ ಹೊಡೆತವೇ ಮೆತ್ತಗಾಗುತ್ತೆ. ಆ ಕೊಳವೆ ಒಣಗಿರಬೇಕು.

ಮ್ಯಾಗಜಿನ್ ಯಾವಾಗಲೂ ತುಂಬಿಟ್ಟರೆ ಸ್ಪ್ರಿಂಗ್ ಸೋತುಹೋಗುತ್ತೆ ಅನ್ನೋ ನಂಬಿಕೆ ಅಲ್ಲಿ ಬಹಳ. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನ ಲೆಕ್ಕದಲ್ಲಿ, ಸ್ಥಿತಿಸ್ಥಾಪಕ ಮಿತಿಯೊಳಗೆ ಒತ್ತಿಟ್ಟ ಸ್ಪ್ರಿಂಗ್ ಸುಮ್ಮನೆ ಕೂತಿದ್ದಕ್ಕೆ ಅಷ್ಟಾಗಿ ಕೆಡಲ್ಲ. ಪದೇಪದೇ ಒತ್ತಿ ಬಿಡೋದೇ ದಣಿಸೋದು. ಸ್ಲೈಡ್ ಹಿಂದಕ್ಕೆ ಹೋದಾಗ ತಡೆಯೋ ರಿಕಾಯ್ಲ್ ಸ್ಪ್ರಿಂಗನ್ನ ಮಾತ್ರ ಕೆಲವು ಸಾವಿರ ಗುಂಡಿಗೊಮ್ಮೆ ಬದಲಾಯಿಸ್ತಾರೆ. ಅದು ಸಡಿಲ ಆದ್ರೆ ಸ್ಲೈಡ್ ಚೌಕಟ್ಟಿಗೆ ಬಡಿಯುತ್ತೆ.

ಬಹಳ ಜನ ಗಮನಿಸದ ಇನ್ನೊಂದಿದೆ. ದಿನಾ ರಾತ್ರಿ ಖಾಲಿ ಮಾಡಿ ಬೆಳಗ್ಗೆ ಅದೇ ತೋಟಾವನ್ನ ಮತ್ತೆ ಚೇಂಬರಿಗೆ ಹಾಕ್ತಾ ಹೋದ್ರೆ, ಪ್ರತಿಸಲ ಗುಂಡಿನ ಮೂತಿ ಇಳಿಜಾರಿಗೆ ಬಡಿದು, ಗುಂಡು ಹಿತ್ತಾಳೆ ಕವಚದೊಳಗೆ ಸ್ವಲ್ಪ ಸ್ವಲ್ಪವೇ ಇಳಿಯಬಹುದು. ಒಳಗಿನ ಜಾಗ ಕಿರಿದಾಯ್ತು, ಮದ್ದು ಅಷ್ಟೇ ಇದೆ. ಒತ್ತಡ ಏರುತ್ತೆ. 9 ಎಂಎಂನ ಗರಿಷ್ಠ ಒತ್ತಡವೇ ಸುಮಾರು 240 ಮೆಗಾಪಾಸ್ಕಲ್, ಅದರ ಮೇಲೆ ಆಟ ಆಡೋಕಾಗಲ್ಲ. ಹೊಸ ತೋಟಾದ ಪಕ್ಕ ನಿಲ್ಲಿಸಿ ಉದ್ದ ಹೋಲಿಸಿ, ಗಿಡ್ಡ ಕಂಡದ್ದನ್ನ ಬೇರೆ ಇಡ್ತಾರೆ. ಚಿಕ್ಕಪ್ಪ ಇದಕ್ಕೆ ವರ್ನಿಯರ್ ಇಟ್ಕೊಂಡಿದ್ದಾರೆ! ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆಗೆ ಬರೋ ಹಾಗಿಲ್ಲ, ಮಸಿಯಲ್ಲಿ ಸೀಸ ಇರುತ್ತೆ.

ರಾತ್ರಿ ಅದು ಎಲ್ಲಿರುತ್ತೆ ಅನ್ನೋದು ಕೊನೇ ಪ್ರಶ್ನೆ. ದಿಂಬಿನ ಕೆಳಗೆ, ಡ್ರಾಯರಿನೊಳಗೆ ಇಡೋರು ಇದ್ದಾರೆ. ಆ ಮನೆಗಳಲ್ಲಿ ಮಕ್ಕಳೂ ಇರ್ತಾರೆ, ಗೆಳೆಯರ ಮಕ್ಕಳೂ ಬರ್ತಾರೆ. ಟ್ರಿಗರ್ ಎಳೆಯೋಕೆ ಎರಡೂವರೆ ಕೆಜಿ ಬಲ ಸಾಕು, ನಾಲ್ಕು ವರ್ಷದ ಮಗು ಎರಡು ಹೆಬ್ಬೆರಳಲ್ಲಿ ಅಷ್ಟು ಒತ್ತಬಲ್ಲದು. ಚಿಕ್ಕಪ್ಪನ ಮನೇಲಿ ಮಂಚದ ಪಕ್ಕ ಗೋಡೆಗೆ ಬೋಲ್ಟ್ ಮಾಡಿದ ಪುಟ್ಟ ಉಕ್ಕಿನ ಪೆಟ್ಟಿಗೆ ಇದೆ, ನಾಲ್ಕು ಬಟನ್ನಿನ ಲಾಕು. ಮನೆ ಬಾಗಿಲು ದಾಟಿದ ತಕ್ಷಣ, ಕಾಫಿಗೂ ಮೊದಲು, ಪಿಸ್ತೂಲು ಹೋಲ್‌ಸ್ಟರ್ ಸಮೇತ ಅದರೊಳಗೆ ಹೋಗಬೇಕು ಅನ್ನೋದು ಚಿಕ್ಕಮ್ಮ ಹಾಕಿರೋ ಷರತ್ತು. ಲಾಕಿನ ಬ್ಯಾಟರಿ ಬದಲಾಯಿಸೋದೂ ಅವರೇ, ಪ್ರತಿವರ್ಷ ಆಯುಧ ಪೂಜೆ ದಿನ.