ಸಮ್ಮೇಲನದ ಊಟವೂ ನಮ್ಮ ಸೀಮೆಯ ಬೆಳೆಯೂ

ಸ್ನೇಹಸಮ್ಮೇಲನದ ದಿವಸ ಬಡಿಸಿದ ಊಟದ ಸಾಮಗ್ರಿಯನ್ನು ಎಲ್ಲಿಂದ ತರಿಸಿದಿರೆಂದು ಅನೇಕ ಪಾಲಕರು ನಮ್ಮನ್ನು ಕೇಳಿರುವರು. ಮನೆಯಲ್ಲಿ ಮದುವೆ, ಕುಬಸ ಮೊದಲಾದ ಕಾರ್ಯಗಳನ್ನು ನಡಿಸಬೇಕಾದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸುವೆವು.

ಊಟಕ್ಕೆ ಮೂಲವು ಜೋಳ. ಎರೆಹೊಲದ ಬಿಳಿಜೋಳವನ್ನು ಹಿಂಗಾರಿಯಲ್ಲಿ ಬಿತ್ತಿ ಫೆಬ್ರುವರಿ, ಮಾರ್ಚ ತಿಂಗಳುಗಳಲ್ಲಿ ಕೊಯ್ಯುವರು. ಆದಕಾರಣ ಡಿಸೆಂಬರದ ಸಮ್ಮೇಲನಕ್ಕೆ ಬೇಕಾದ ಕಾಳನ್ನು ಸುಗ್ಗಿಯಲ್ಲಿಯೇ ಮಾತಾಡಿಟ್ಟುಕೊಳ್ಳುವದು ಯುಕ್ತವು. ಜಮಖಂಡಿ, ಮುಧೋಳಗಳಲ್ಲಿ ಕೃಷ್ಣೆ, ಘಟಪ್ರಭೆಗಳ ನೀರು ಮುಟ್ಟಿದ ಕಡೆಗೆ ಕಬ್ಬೇ ಹೆಚ್ಚು. ನಾವು ಬೀಳಗಿಯ ಕಡೆಯ ಒಬ್ಬ ರೈತನಿಂದ ಕಾಳನ್ನು ಕೊಂಡೆವು. 2023ನೆಯ ವರ್ಷವನ್ನು ಸಂಯುಕ್ತ ರಾಷ್ಟ್ರಸಂಘವು ಸಿರಿಧಾನ್ಯಗಳ ವರ್ಷವೆಂದು ಸಾರಿತು; ಜೋಳ ಸಜ್ಜೆಗಳೂ ಅದರಲ್ಲಿ ಸೇರಿದ್ದವು. ಅದಕ್ಕೂ ಮೊದಲು ನಮ್ಮ ಹುಡುಗಿಯರಲ್ಲಿ ಕೆಲವರು ರೊಟ್ಟಿಯ ಡಬ್ಬಿಯನ್ನು ಕೈಯಿಂದ ಮರೆಮಾಡಿಕೊಂಡು ಉಣ್ಣುತ್ತಿದ್ದುದನ್ನು ನಾವು ಕಂಡಿದ್ದೇವೆ.

ಬೆಲ್ಲಕ್ಕಾಗಿ ದೂರ ಹೋಗುವ ಕಾರಣವಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯು ಪ್ರಸಿದ್ಧವಾದದ್ದು. ಆದರೆ ಬಂಗಾರದಂತೆ ಹೊಳೆಯುವ ಪೆಂಟಿಯನ್ನು ಕಂಡು ಮರುಳಾಗಬಾರದು. ಬಣ್ಣವು ತಿಳಿಯಾಗಲೆಂದು ಕುದಿಯುವ ಹಾಲಿಗೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವದುಂಟು. ಕಂದುಬಣ್ಣದ ಬೆಲ್ಲವು ನೋಟಕ್ಕೆ ಸಾಧಾರಣವಾದರೂ ಹೋಳಿಗೆಯ ಹೂರಣಕ್ಕೆ ಅದೇ ಲೇಸು. ಬದನೆಕಾಯಿ, ಉಳ್ಳಾಗಡ್ಡಿ, ಮೆಂತೆಪಲ್ಲೆಗಳನ್ನು ಸಂತೆಯಲ್ಲಿ ಬೆಳೆದವರ ಕೈಯಿಂದಲೇ ಕೊಳ್ಳಬಹುದು. ಅಕ್ಕಿ ಮಾತ್ರ ಹೊರಗಿನದು, ಅದನ್ನು ಬಚ್ಚಿಡುವದಿಲ್ಲ.

ಇನ್ನು ರೊಟ್ಟಿಯ ಮಾತು. ತೆಳ್ಳಗೆ ಬಡಿದರೆ ಒಂದು ಕಿಲೋ ಹಿಟ್ಟಿಗೆ ಸುಮಾರು 15 ರೊಟ್ಟಿಗಳಾಗುವವು. 400 ಜನರಿಗೆ ತಲಾ ಎರಡರಂತೆ 800 ರೊಟ್ಟಿಗಳಿಗೆ 55 ಕಿಲೋ ಹಿಟ್ಟು ಸಾಕು. ಕಟಿ ರೊಟ್ಟಿಯು ಕೆಡದ ಕಾರಣ ಒಂದು ವಾರ ಮುಂಚಿತವಾಗಿಯೇ ಬಡಿಸಿಡಬಹುದು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳೇ ನಮಗೆ ಇವನ್ನು ಬಡಿದುಕೊಡುವರು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಿಂದೆ ಒಂದು ವರ್ಷ, ಹಿಟ್ಟನ್ನೂ ಅವರೇ ಹೊಂದಿಸುವ ಕರಾರಿನಿಂದ ರೊಟ್ಟಿ ಬಡಿಸಿ, ಲೆಕ್ಕವು ಮಂಜೂರಾಗಲಿಯೆಂದು ಹಣವನ್ನು ಒಂದೂವರೆ ತಿಂಗಳು ತಡೆದೆವು. ಅವರು ಜೋಳವನ್ನೂ ಕಟ್ಟಿಗೆಯನ್ನೂ ಉದ್ರಿ ತಂದಿದ್ದರು. ಅವರಲ್ಲೊಬ್ಬಳ ಮಗಳು ನಮ್ಮ ವರ್ಗದಲ್ಲಿಯೇ ಮೊದಲ ಸಾಲಿನಲ್ಲಿ ಕೂಡ್ರುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಕಡೆಗೆ ತಾಯಿಯೇ ಬಂದು, “ಅಕ್ಕೋರ, ಅಂಗಡಿಯಾಂವ ದಿನಾ ಬಾಗಿಲಿಗೆ ಬರ್ತಾನ್ರಿ,” ಎಂದಳು. ಆ ಸಂಜೆಯೇ ಹಣವನ್ನು ಕೊಟ್ಟೆವು. ಆದರೆ ಆ ಹುಡುಗಿಯ ಮುಖವನ್ನು ನೋಡುವದು ನಮಗೆ ಕೆಲವು ದಿವಸ ಕಠಿಣವಾಯಿತು.

ಅಂದಿನಿಂದ ಕಾಳನ್ನು ನಾವೇ ಕೊಂಡುಕೊಡುವೆವು. ಅರ್ಧ ಕೂಲಿಯನ್ನು ಮುಂಗಡವಾಗಿಯೂ, ಉಳಿದದ್ದನ್ನು ರೊಟ್ಟಿಯನ್ನು ಬುಟ್ಟಿಗೆ ಎಣಿಸಿಕೊಂಡ ಕೂಡಲೆಯೂ ಕೊಡುವೆವು. ಈ ವರ್ಷ ಎಣಿಸುವಾಗ 800ರ ಮೇಲೆ 20 ಹೆಚ್ಚಾಗಿದ್ದವು. ಅವಕ್ಕೂ ಹಣ ಕೊಡಹೋದರೆ ಅದೇ ತಾಯಿಯು ತೆಗೆದುಕೊಳ್ಳಲಿಲ್ಲ.