ವ್ಯಾಕುಲ ಮಾತೆಯ ಗೀತೆ: ಮೂರನೆಯ ಸಾಲಿನ ಮಹತ್ವ

ತಪಸ್ಸುಕಾಲದಲ್ಲಿ ಶಿಲುಬೆಹಾದಿಯ ಒಂದು ಸ್ಥಳದಿಂದ ಮತ್ತೊಂದಕ್ಕೆ ಸಾಗುವಾಗ ‘ಸ್ತಾಬಾತ್ ಮಾತೆರ್’ ಗೀತೆಯ ಒಂದೊಂದು ಪದ್ಯವನ್ನು ಹಾಡುವುದು ಧರ್ಮಸಭೆಯ ಹಳೆಯ ವಾಡಿಕೆ. ಶಿಲುಬೆಯ ಬಳಿ ನಿಂತ ಮಾತೆಯ ಶೋಕವನ್ನು ಹೇಳುವ ಈ ಲತೀನ್ ಗೀತೆ ನಮ್ಮ ಮನಸ್ಸನ್ನು ಕಲಕುವುದಕ್ಕೆ ಅದರ ಅರ್ಥವೊಂದೇ ಕಾರಣವಲ್ಲ. ಅದರ ಕಟ್ಟೋಣವೂ ಕಾರಣ.

13ನೆಯ ಶತಮಾನದ ಈ ಕೃತಿಯನ್ನು ಫ್ರಾನ್ಸಿಸ್ಕನ್ ಸಹೋದರ ಯಾಕೊಪೊನೆ ದಾ ತೋದಿಯವರದೆಂದು ಹಲವರೂ, ಪೋಪ್ ಮೂರನೆಯ ಇನ್ನೊಸೆಂಟರದೆಂದು ಕೆಲವರೂ ಹೇಳುತ್ತಾರೆ. ಇದರಲ್ಲಿ ತಲಾ ಮೂರು ಸಾಲುಗಳ 20 ಪದ್ಯಗಳಿವೆ. ಮೊದಲೆರಡು ಸಾಲುಗಳಿಗೆ 8 ಅಕ್ಷರ, ಮೂರನೆಯದಕ್ಕೆ 7. ಒತ್ತಿದ ಅಕ್ಷರದ ಹಿಂದೆ ಒತ್ತಿಲ್ಲದ ಅಕ್ಷರ ಬರುವ ಈ ನಡೆಯಲ್ಲಿ ಮೂರನೆಯ ಸಾಲಿನ ಕೊನೆಗೆ ಒಂದು ಅಕ್ಷರ ಬರಬೇಕಾದೆಡೆ ಬರಿಯ ಮೌನವಿದೆ. ಅತ್ತವರು ಉಸಿರೆಳೆದುಕೊಳ್ಳುವ ತಾಣವದು.

ಮೊದಲೆರಡು ಸಾಲುಗಳು ಅಂತ್ಯಪ್ರಾಸದಿಂದ ಒಂದಕ್ಕೊಂದು ಕೂಡುತ್ತವೆ. ಮೂರನೆಯ ಸಾಲಿಗೆ ಆ ಪದ್ಯದಲ್ಲಿ ಜೊತೆಯಿಲ್ಲ. ಮುಂದಿನ ಪದ್ಯದ ಮೂರನೆಯ ಸಾಲು ಬರುವವರೆಗೆ ಅದು ಕಾಯಬೇಕು. ಆದುದರಿಂದ ಒಂದು ಸ್ಥಳದಲ್ಲಿ ಎದ್ದ ಪ್ರಾಸಕ್ಕೆ ಉತ್ತರ ದೊರೆಯುವುದು ಮುಂದಿನ ಸ್ಥಳದಲ್ಲಿ. ಪ್ರಾಸವೂ ನಮ್ಮೊಡನೆ ಶಿಲುಬೆಹಾದಿಯಲ್ಲಿ ನಡೆಯುತ್ತದೆ.

ಕನ್ನಡಿಗರಿಗೆ ಈ ಅಚ್ಚು ತೀರ ಅಪರಿಚಿತವೇನಲ್ಲ. ನಮ್ಮ ತ್ರಿಪದಿಯಲ್ಲಿಯೂ ಮೊದಲೆರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ. ಆದರೆ ಅಲ್ಲಿ ಪ್ರಾಸವಿರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಲಯವನ್ನು ಅಳೆಯುವ ಬಗೆಯೂ ಬೇರೆ.

ಗೀತೆಯ ಒಟ್ಟು ವಿನ್ಯಾಸವೂ ಗಮನಾರ್ಹ. ಮೊದಲ 8 ಪದ್ಯಗಳಲ್ಲಿ ಕವಿ ದೂರದಲ್ಲಿ ನಿಂತು ಮಾತೆಯನ್ನು ನೋಡುತ್ತಾನೆ. ಅವುಗಳ ನಡುವೆ, ಇದನ್ನು ಕಂಡೂ ಅಳದವರುಂಟೇ ಎಂಬ ಪ್ರಶ್ನೆ ಏಳುತ್ತದೆ. 9ನೆಯ ಪದ್ಯದಿಂದ ಅವನು ನೇರವಾಗಿ ‘ತಾಯೇ’ ಎಂದು ಕರೆದು, ಆಕೆಯ ದುಃಖದಲ್ಲಿ ಪಾಲು ಬೇಡುತ್ತಾನೆ. 19ನೆಯದರಲ್ಲಿ ಕ್ರಿಸ್ತರನ್ನೇ ಸಂಬೋಧಿಸಿ, ಕೊನೆಯ ಪದ್ಯದಲ್ಲಿ ತನ್ನ ಮರಣವನ್ನು ನೆನೆಯುತ್ತಾನೆ. ನೋಡುವವನು ಬೇಡುವವನಾಗುವುದೇ ಈ ಗೀತೆಯ ಪ್ರಯಾಣ.

ತ್ರೆಂತ್ ಮಹಾಸಭೆಯ ತರುವಾಯ ಪೂಜಾಗ್ರಂಥದಿಂದ ಹೊರಗುಳಿದಿದ್ದ ಇದನ್ನು 1727ರಲ್ಲಿ ಪೋಪ್ ಹದಿಮೂರನೆಯ ಬೆನೆಡಿಕ್ಟರು ಮತ್ತೆ ಸೇರಿಸಿದರು. ಸೆಪ್ಟೆಂಬರ್ 15ರ ವ್ಯಾಕುಲ ಮಾತೆಯ ಸ್ಮರಣೆಯಂದು ಇಂದಿಗೂ ಇದನ್ನು ಹಾಡಬಹುದು. ಅನುವಾದಿಸುವವರು ಅರ್ಥವನ್ನು ತುಂಬುವ ಭರದಲ್ಲಿ ಮೂರನೆಯ ಸಾಲನ್ನು ಹಿಗ್ಗಿಸಿದರೆ ಆ ಮೌನ ಅಳಿಯುತ್ತದೆ. ಹಾಡುವವರು ಸಮಯ ಉಳಿಸಲು ನಡುವೆ ಒಂದು ಪದ್ಯವನ್ನು ಬಿಟ್ಟರೆ ಅದರ ಜೊತೆಯ ಪದ್ಯ ಒಂಟಿಯಾಗುತ್ತದೆ. ಮುಂದಿನ ಬಾರಿ ಹಾಡುವಾಗ ಮೂರನೆಯ ಸಾಲಿನ ಕೊನೆಯಲ್ಲಿ ನಾವೂ ಕ್ಷಣಕಾಲ ನಿಲ್ಲೋಣ. ಮಾತೆಯೂ ಅಲ್ಲಿ ಮೌನವಾಗಿಯೇ ನಿಂತಿದ್ದರಲ್ಲವೇ?